ಕ್ಯಾಮೆರಾ ಮಾವನೂ ಎರಡು ಟ್ಯಾಂಕುಗಳೂ

ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದಿಳಿಯುವ ನಿವೃತ್ತರಲ್ಲಿ ಒಂದು ಬಗೆಯವರನ್ನು ಡೆಟ್ರಾಯಿಟ್ ಸುತ್ತಲಿನ ಕನ್ನಡ ಮನೆಗಳು ಚೆನ್ನಾಗಿ ಬಲ್ಲವು. ಸದ್ಯಕ್ಕೆ ಅವರನ್ನು ಕ್ಯಾಮೆರಾ ಮಾವ ಎನ್ನೋಣ. ತಲೆಗೆ ಮಂಕಿ ಕ್ಯಾಪು, ಕಾಲಿಗೆ ಅಳಿಯ ಕೊಡಿಸಿದ ಬಿಳಿ ಶೂ, ಮಂಗಳಾರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದ ಫೋನು. ಬೆಳಗಿನ ವಾಕಿಂಗ್ ಮುಗಿಯುವುದರೊಳಗೆ ಅಳಿಲು, ಹಳದಿ ಸ್ಕೂಲ್ ಬಸ್ಸು, ಪಕ್ಕದ ಮನೆಯ ಕಸದ ಡಬ್ಬಿ ಎಲ್ಲವೂ ಮೈಸೂರಿನ ವಾಟ್ಸಾಪ್ ಗ್ರೂಪು ಸೇರಿರುತ್ತವೆ. ಟಿಕೆಟ್ಟಿಗೆ ಮಗಳು ಸುರಿದ ದುಡ್ಡಿಗೆ ರಸೀತಿ ಬೇಡವೇ? ಈ ಮಾವನಲ್ಲಿ ಕೇಡು ಎಳ್ಳಷ್ಟೂ ಇಲ್ಲ, ಮತ್ತು ತೊಂದರೆ ಇರುವುದೂ ಅಲ್ಲಿಯೇ. ತಾನು ನಿರಪರಾಧಿ ಎನ್ನುವುದು ಮುಖದ ಮೇಲೇ ಬರೆದಿದೆ, ಎದುರಿಗಿರುವ ಕಾವಲಿನವನು ಅದನ್ನು ಓದಿಕೊಳ್ಳುತ್ತಾನೆ ಎಂದು ಅವರು ನಂಬಿದ್ದಾರೆ. ಅವರನ್ನು ಗುಂಡಿಗೆ ಕೆಡವುವುದು ಈ ನಂಬಿಕೆಯೇ ಎನ್ನುವುದು ನನ್ನ ವಾದ.

ವಾರೆನ್ ಅಂಥ ನಂಬಿಕೆಗೆ ಹೇಳಿ ಮಾಡಿಸಿದ ಊರಲ್ಲ. ಡೆಟ್ರಾಯಿಟ್‌ನ ಎಲ್ಲೆಯಾದ ಏಟ್ ಮೈಲ್ ರಸ್ತೆ ದಾಟಿದರೆ ಸಿಗುವ ಈ ಊರು ಮೇಲುನೋಟಕ್ಕೆ ಸಪ್ಪೆ. ಆದರೆ ಇಲ್ಲಿ ಎರಡು ದೊಡ್ಡ ಬೇಲಿಗಳಿವೆ. ಒಂದರೊಳಗೆ ಜನರಲ್ ಮೋಟಾರ್ಸ್‌ನ ಟೆಕ್ನಿಕಲ್ ಸೆಂಟರ್. ಈರೊ ಸಾರಿನೆನ್ ರೂಪಿಸಿ, 1956ರಲ್ಲಿ ಉದ್ಘಾಟನೆಯಾಗಿ, 2014ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂದು ಘೋಷಿತವಾದ ಜಾಗ. 22 ಎಕರೆಯ ಕೊಳ, ಫಳಫಳ ಹೊಳೆಯುವ ಸ್ಟೀಲಿನ ನೀರಿನ ಟ್ಯಾಂಕು, ಬೆಳ್ಳಿ ಬಣ್ಣದ ಗುಮ್ಮಟ. ಹುಟ್ಟಲಿರುವ ಕಾರುಗಳು ಇದರೊಳಗೇ ಬೆಳೆಯುತ್ತವೆ. ಪರೀಕ್ಷೆಗೆಂದು ರಸ್ತೆಗಿಳಿದರೂ ಕಪ್ಪುಬಿಳುಪಿನ ಚಿತ್ತಾರದ ಮುಸುಕು ಹೊದ್ದೇ ಇಳಿಯುತ್ತವೆ. ಇನ್ನೊಂದು ಬೇಲಿಯೊಳಗೆ ಡೆಟ್ರಾಯಿಟ್ ಆರ್ಸೆನಲ್. ಆಲ್ಬರ್ಟ್ ಕಾನ್ ವಿನ್ಯಾಸದ ಇಲ್ಲಿನ ಕಾರ್ಖಾನೆಯಲ್ಲಿ ಕ್ರೈಸ್ಲರ್ ಕಂಪನಿ ಎರಡನೇ ಮಹಾಯುದ್ಧಕ್ಕೆ 22 ಸಾವಿರಕ್ಕೂ ಹೆಚ್ಚು ಟ್ಯಾಂಕುಗಳನ್ನು ಮಾಡಿಕೊಟ್ಟಿತು; ಈಗ ಸೇನೆಯ ವಾಹನ ವಿಭಾಗದ ಕೇಂದ್ರ ಕಚೇರಿ ಇರುವುದು ಈ ಆವರಣದಲ್ಲೇ. ಅಲ್ಲಿಯದು ನೀರಿನ ಟ್ಯಾಂಕು, ಇಲ್ಲಿಯದು ಯುದ್ಧದ ಟ್ಯಾಂಕು. ಮಾವನ ಕ್ಯಾಮೆರಾಕ್ಕೆ ಎರಡೂ ಟ್ಯಾಂಕೇ, ಕಾನೂನಿಗೆ ಹಾಗಲ್ಲ.

ಅಮೆರಿಕದ ಫೆಡರಲ್ ಕಾನೂನಿನ 18ನೇ ಭಾಗದ 795ನೇ ಸೆಕ್ಷನ್, ಅಧ್ಯಕ್ಷರ ಆದೇಶದಂತೆ ರಕ್ಷಣೆಗೆ ಮುಖ್ಯವೆಂದು ಗೊತ್ತುಮಾಡಿದ ಸೇನಾ ನೆಲೆಗಳ ಫೋಟೋ, ಚಿತ್ರ, ನಕಾಶೆಗಳನ್ನು ಅನುಮತಿಯಿಲ್ಲದೆ ಮಾಡಕೂಡದು ಎನ್ನುತ್ತದೆ. ತಪ್ಪಿದರೆ ದಂಡ ಇಲ್ಲವೇ ಒಂದು ವರ್ಷದವರೆಗೆ ಜೈಲು. ಕಾವಲಿನವರಿಗೆ ಹುಳುಕು ಹುಡುಕುವ ಚಟವೆಂದು ಮಾವ ಗೊಣಗಬಹುದು. ಆದರೆ 2025ರ ಮೇ ತಿಂಗಳಲ್ಲಿ ಇದೇ ವಾರೆನ್ ನೆಲೆಯ ಮೇಲೆ ದಾಳಿಗೆ ಸಂಚು ಹೂಡಿದ ಆರೋಪದಲ್ಲಿ 19 ವರ್ಷದ ಯುವಕನೊಬ್ಬನ ಬಂಧನವಾಯಿತು. ಮೊದಲೇ ಡ್ರೋನ್ ಹಾರಿಸಿ ಜಾಗ ನೋಡಿಕೊಂಡಿದ್ದನೆಂಬುದು ಆರೋಪದ ಒಂದು ಭಾಗ. ಅದೇ ವರ್ಷದ ಫೆಬ್ರವರಿಯಲ್ಲಿ ಕಾರವಾರದ ಕದಂಬ ನೌಕಾನೆಲೆಯ ಮಾಹಿತಿ ಹೊರಗೆ ಕಳಿಸಿದ ಆರೋಪದ ಮೇಲೆ ಎನ್‌ಐಎ ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿತು. ಇಂಥ ಸುದ್ದಿ ಓದಿದ ಮಾವ ‘ಒದ್ದು ಒಳಗೆ ಹಾಕಬೇಕು’ ಎಂದು ಗ್ರೂಪಿನಲ್ಲಿ ಬರೆಯುವವರೇ. ಬೇಲಿಯ ಆಚೆಯಿಂದ ನೋಡುವವನಿಗೆ ಕಾಣುವುದು ಮಾತ್ರ ಇಷ್ಟೇ: ಗೇಟಿನ ಕಡೆಗೆ ಫೋನೆತ್ತಿರುವ ಒಬ್ಬ ಮನುಷ್ಯ. ಮಂಕಿ ಕ್ಯಾಪಿನಲ್ಲಿ ಮುಖವೂ ಅರ್ಧ ಮುಚ್ಚಿದೆ!

ಮಾವನ ಬಳಿ ಉತ್ತರಗಳು ಇಲ್ಲದಿಲ್ಲ. ‘ಗೂಗಲ್ ಮ್ಯಾಪಿನಲ್ಲೇ ಎಲ್ಲಾ ಕಾಣುತ್ತಲ್ಲ’ ಎನ್ನುತ್ತಾರೆ. ಅಲ್ಲಿ ಕಾಣುವುದು ಎಂದೋ ತೆಗೆದ ಚಾವಣಿ. ಮಾವನ ಚಿತ್ರದಲ್ಲಿ ಇಂದಿನ ತಾರೀಖು, ಗೇಟಿನ ಮುಂದೆ ನಿಂತವರ ಮುಖ, ಗಾಡಿಗಳ ಸಾಲು ಎಲ್ಲವೂ ಇರುತ್ತದೆ. ಮೇಲಾಗಿ, ಗೂಗಲ್ಲಿಗೆ ವೀಸಾ ಮುಗಿಯುವ ಭಯವಿಲ್ಲ. ಎರಡನೆಯ ಮಾತಿಗೆ ತೂಕ ಹೆಚ್ಚು: ರಸ್ತೆಯಲ್ಲಿ ನಿಂತು ಕಣ್ಣಿಗೆ ಬಿದ್ದದ್ದರ ಫೋಟೋ ತೆಗೆಯುವುದು ಅಮೆರಿಕದಲ್ಲಿ ಸಾಮಾನ್ಯವಾಗಿ ಹಕ್ಕೇ. ನಿಜ. ಮುಸುಕು ಹೊದ್ದ ಕಾರುಗಳನ್ನು ರಸ್ತೆಯಲ್ಲಿ ಸೆರೆಹಿಡಿದು ಪತ್ರಿಕೆಗೆ ಮಾರಿ ಬದುಕುವವರೂ ಇದ್ದಾರೆ. ಆದರೆ ಅವರಿಗೆ ರಸ್ತೆ ಎಲ್ಲಿ ಮುಗಿಯಿತು, ಕಂಪನಿಯ ಜಾಗ ಎಲ್ಲಿ ಶುರುವಾಯಿತು ಎನ್ನುವುದು ಅಂಗುಲ ಲೆಕ್ಕದಲ್ಲಿ ಗೊತ್ತು. ಮಾವನಿಗೆ ಹುಲ್ಲು ಎಲ್ಲಿ ಕಂಡರೂ ಸಾರ್ವಜನಿಕ ಉದ್ಯಾನವೇ. ಹಕ್ಕು ಕೊನೆಗೆ ಗೆದ್ದರೂ, ಗೆಲ್ಲುವ ತನಕದ ಪ್ರಶ್ನೋತ್ತರ ಎದುರಿಸಬೇಕಾದವರು ಆರು ತಿಂಗಳ ಅತಿಥಿ. ಅವರ ಹಿಂದೆ ವರ್ಕ್ ವೀಸಾದ ಅಳಿಯ.

ತಡೆದು ಕೇಳಿದ ಮೇಲಿನ ಘಟ್ಟ ಇನ್ನೂ ಜಾರುವ ನೆಲ. ಊರಿನ ಅಭ್ಯಾಸ ಎರಡು: ‘ಏನೂ ತೆಗೆದಿಲ್ಲ ಸಾರ್’ ಎನ್ನುವುದು, ಬೆನ್ನ ಹಿಂದೆ ಡಿಲೀಟ್ ಒತ್ತುವುದು. 2023ರ ಆಗಸ್ಟ್‌ನಲ್ಲಿ ಮಿಷಿಗನ್ನಿನ ಕ್ಯಾಂಪ್ ಗ್ರೇಲಿಂಗ್ ಸೇನಾ ತರಬೇತಿ ನೆಲೆಯ ಬಳಿ ನಡುರಾತ್ರಿ ಸಿಕ್ಕಿಬಿದ್ದ ಐವರು ಚೀನೀ ವಿದ್ಯಾರ್ಥಿಗಳ ಮೇಲೆ ಮರುವರ್ಷ ದಾಖಲಾದ ಆರೋಪಗಳನ್ನು ನೋಡಿ: ತನಿಖೆಯವರಿಗೆ ಸುಳ್ಳು ಹೇಳಿದ್ದು, ದಾಖಲೆ ಅಳಿಸಿದ್ದು, ಅದಕ್ಕಾಗಿ ಒಳಸಂಚು ಮಾಡಿದ್ದು. ಫೋಟೋ ತೆಗೆದದ್ದೇ ಅಪರಾಧವೆಂಬ ಆರೋಪ ಆ ಪಟ್ಟಿಯಲ್ಲಿಲ್ಲ. ಅವರ ಉದ್ದೇಶ ಏನಿತ್ತೋ, ನಿರಪರಾಧಿ ಮಾವನಿಗೂ ಪಾಠ ಅದೇ. ತಿಳಿಯದೆ ತೆಗೆದ ಚಿತ್ರ ಪೆದ್ದತನ. ಹೆದರಿ ಹೇಳಿದ ಸುಳ್ಳು ಕೇಸು.

ಹಾಗೆಂದು ಮಾವ ಫೋನನ್ನು ಬೀರುವಿನಲ್ಲಿಡಬೇಕಿಲ್ಲ. ಕ್ಯಾಮೆರಾ ಇಳಿಸುವ ವಿದ್ಯೆ ಅವರಿಗೆ ಬಂದೇ ಇದೆ. ತಿರುಮಲೆಯಲ್ಲಿ ಫೋನು ಕೌಂಟರಿಗೆ ಒಪ್ಪಿಸಿ, ಚೀಟಿಯನ್ನು ಜೇಬಿನಲ್ಲಿ ಭದ್ರ ಮಾಡಿ, ತಕರಾರಿಲ್ಲದೆ ಸಾಲಿನಲ್ಲಿ ನಿಂತವರು ಅವರು. ಗರ್ಭಗುಡಿಯ ಹೊಸ್ತಿಲಲ್ಲಿ ‘ಇದು ನನ್ನ ಹಕ್ಕು’ ಎಂದವರಲ್ಲ. ಗೂಗಲ್ಲಿನಲ್ಲಿ ದೇವರ ಪಟ ಸಿಗುತ್ತದಲ್ಲ ಎಂದು ವಾದಿಸಿದವರೂ ಅಲ್ಲ. ಆರ್ಸೆನಲ್ಲಿನ ಬೇಲಿಗೂ ಅಷ್ಟೇ ಮಡಿ ಸಾಕು. ಬಳಗಕ್ಕೆ ಏನು ಕಳಿಸುವುದೆಂಬ ಚಿಂತೆಯೇ? ಕಂಡಷ್ಟರಲ್ಲೇ ‘ಜರುಗಿ, ಜರುಗಿ’ ಎಂದು ತಳ್ಳಿಸಿಕೊಂಡ ದರ್ಶನವನ್ನು ಮೂರು ತಿಂಗಳು ವರ್ಣಿಸಿದವರಿಗೆ ಟ್ಯಾಂಕು ಕಾರ್ಖಾನೆ ಯಾವ ಲೆಕ್ಕ? 795ನೇ ಸೆಕ್ಷನ್ ಫೋಟೋ, ಚಿತ್ರ, ನಕಾಶೆ ಎಲ್ಲವನ್ನೂ ಹೆಸರಿಸಿದೆ. ಜಗಲಿಯ ಮೇಲೆ ಕೂತು ಹೇಳುವ ಉತ್ಪ್ರೇಕ್ಷೆ ಆ ಪಟ್ಟಿಯಲ್ಲಿಲ್ಲ.