ನಮ್ಮ ಭಾವನೂ ಮುಂದಿನ ಬ್ರೇಕೂ

ಕೋಲಾರ ಜಿಲ್ಲೆಯಲ್ಲಿ ಒಂದು ಬಗೆಯ ಗಂಡಸರಿದ್ದಾರೆ. ಇವರ ಮನೆಯಲ್ಲಿ ಕೆಟ್ಟ ವಸ್ತು ಅಂಗಡಿಗೆ ಹೋಗುವುದಿಲ್ಲ, ಜಗಲಿಗೆ ಬರುತ್ತದೆ. ಅದರಡಿಗೆ ಹಳೇ ಪೇಪರ್ ಹಾಸುತ್ತಾರೆ, ಪಂಚೆ ಎತ್ತಿ ಕಟ್ಟುತ್ತಾರೆ, ಬಿಚ್ಚುತ್ತಾರೆ. ಮಾಲೂರಿನ ಕಡೆಯವರು ಬೋರ್‌ವೆಲ್ಲಿನ ಸ್ಟಾರ್ಟರ್ ಬಿಚ್ಚಿದರೆ, ಶ್ರೀನಿವಾಸಪುರದವರು ಮಾವಿನ ತೋಟದ ಸ್ಪ್ರೇಯರ್ ಬಿಚ್ಚುತ್ತಾರೆ. ಮುಳಬಾಗಿಲಿನಲ್ಲಿ ನನಗೆ ಗೊತ್ತಿರುವವರೊಬ್ಬರು ಮಗಳ ಮದುವೆಯ ಹಿಂದಿನ ರಾತ್ರಿಯೇ ಗ್ರೈಂಡರ್ ಬಿಚ್ಚಿ ಹರವಿಕೊಂಡು ಕೂತು, ಬೀಗರನ್ನು ದೋಸೆಗೆ ಹೋಟೆಲಿಗೆ ಕಳಿಸಿದ್ದರು. ಮುಳಬಾಗಿಲಾದ್ದರಿಂದ ಬೀಗರಿಗೆ ಅದರಿಂದ ಲಾಭವೇ ಆಯಿತು. ಬಿಚ್ಚುವುದರಲ್ಲಿ ಎಲ್ಲರೂ ಗಟ್ಟಿಗರೇ. ಜೋಡಿಸಿದ ಮೇಲೆ ಉಳಿಯುವ ನಟ್ಟುಗಳಿಗೆಂದೇ ಎಲ್ಲರ ಮನೆಯಲ್ಲೂ ಒಂದು ಹಾರ್ಲಿಕ್ಸ್ ಬಾಟಲಿ ಇರುತ್ತದೆ.

ನನ್ನ ಪಾಲಿಗೆ ಬಂದಿರುವವರು ಕೋಲಾರದ ಭಾವ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರದೊಂದು ಮಾರುತಿ ಝೆನ್ ಇದೆ, 2003ರದು, ಕೆಎ-07 ನಂಬರಿನದು. ಕಂಪನಿ ಆ ಝೆನ್ ಮಾಡುವುದನ್ನು 2006ರಲ್ಲೇ ನಿಲ್ಲಿಸಿತು. ಭಾವನ ಪ್ರಕಾರ ಕಂಪನಿಯವರು ಅವಸರಪಟ್ಟರು. ಹದಿನೈದು ವರ್ಷ ತುಂಬಿದಾಗ, 2018ರಲ್ಲಿ, ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇತ್ತು. ಐದು ವರ್ಷ ಕಳೆದು ಮತ್ತೆ ಹೋಗುವಷ್ಟರಲ್ಲಿ ಅದು 5000 ಆಗಿತ್ತು. ಇನ್ನೊಬ್ಬರಾಗಿದ್ದರೆ ಗುಜರಿಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಭಾವ ಮಾತ್ರ, “ನೋಡಿದೆಯಾ, ಹಳೇದಾದಷ್ಟೂ ಬೆಲೆ ಏರ್ತಾ ಇದೆ” ಅಂತ ರಸೀದಿಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡರು.

ಆ ನವೀಕರಣಕ್ಕೆ ಮುಂಚೆ ಬಂದದ್ದೇ ಬ್ರೇಕಿನ ತಕರಾರು. ಹೆದ್ದಾರಿಯಲ್ಲಿ ನರಸಾಪುರ ದಾಟಿ ಬರುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತಿತ್ತು, ಪೆಡಲ್ಲು ಕಾಲಡಿ ಮಿಡಿಯುತ್ತಿತ್ತು, ಮುಂದಿನ ಚಕ್ರದಿಂದ ಕರ್ರೆಂದು ಸದ್ದು. ಅಕ್ಕ ಹಿಂದಿನ ಸೀಟಿನಿಂದಲೇ “ಮೆಕ್ಯಾನಿಕ್ ಹತ್ರ ಬಿಡಿ” ಅಂದಳು. ಆಡಬಾರದ ಮಾತು ಅದು. ಮಾರನೇ ಭಾನುವಾರಕ್ಕೆ ನನಗೆ ಫೋನು ಬಂತು: “ಸುಮ್ನೆ ಬಂದು ಹೋಗು. ಮುಂದಿನ ಎರಡು ಡಿಸ್ಕ್ ಬದಲಾಯಿಸ್ತಾ ಇದೀನಿ. ಅರ್ಧ ಗಂಟೆ ಕೆಲಸ.”

ಈ ಬಗೆಯವರ ಅರ್ಧ ಗಂಟೆ ಯಾವ ಗಡಿಯಾರದಲ್ಲೂ ಇರುವುದಿಲ್ಲ.

ನಾನು ಹೋಗುವ ಹೊತ್ತಿಗೆ ಒಂದು ಚಕ್ರ ಬಿಚ್ಚಿ ಆಗಿತ್ತು. ಎರಡೂ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು, ಹ್ಯಾಂಡ್‌ಬ್ರೇಕ್ ಎಳೆದಿದ್ದರು. ಜಾಕಿಯ ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡೊಂದು ಕಾರನ್ನು ಹೊತ್ತಿತ್ತು. “ಜಾಕಿ ಇರೋದು ಎತ್ತೋಕೆ, ನಿಲ್ಲಿಸೋಕಲ್ಲ” ಅಂತ ಪಾಠ ಶುರುವಾಯಿತು. ಬರೀ ಇಟ್ಟಿಗೆ ಪೇರಿಸಿ ಕಾರಿನಡಿ ತೂರುವವರನ್ನು ಬೈದರು: “ಮಾಲೂರಿನ ಇಟ್ಟಿಗೆ ಮನೆ ಕಟ್ಟೋಕಪ್ಪಾ, ಕಾರು ನಿಲ್ಲಿಸೋಕಲ್ಲ.” ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು, ಎತ್ತಿದ ಮೇಲೆ ಸಡಿಲಿಸಲು ಹೋದರೆ ಚಕ್ರವೇ ತಿರುಗುತ್ತದೆ ಎಂಬುದನ್ನೂ ಹೇಳಿದರು. ಇದೆಲ್ಲ ಅಪ್ಪಟ ಸತ್ಯ. ಕಾರಿನ ಬಗ್ಗೆ ನನ್ನ ವಿದ್ಯೆ ಪೆಟ್ರೋಲ್ ಮುಚ್ಚಳ ಯಾವ ಕಡೆಗಿದೆ ಎಂಬಲ್ಲಿಗೆ ಮುಗಿಯುತ್ತದಾದ್ದರಿಂದ ತಲೆಯಾಡಿಸಿದೆ.

ಆಮೇಲೆ ನನ್ನ ಕೈಗೆ ಟಾರ್ಚ್ ಬಂತು.

ಈ ಟಾರ್ಚಿನ ವಿಷಯ ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಆಗ ಬೆಳಗಿನ ಹತ್ತು ಗಂಟೆ, ಕೋಲಾರದ ಬಿಸಿಲು. ಅಂತರಗಂಗೆ ಬೆಟ್ಟದ ಬಂಡೆಗಳು ಅಷ್ಟು ದೂರಕ್ಕೂ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಆದರೂ ಭಾವನಿಗೆ ಟಾರ್ಚ್ ಬೇಕು, ಅದನ್ನು ನಾನೇ ಹಿಡಿಯಬೇಕು. ನಾನು ಎಲ್ಲಿಗೆ ಬಿಟ್ಟರೂ ಬೆಳಕು ಬೇಕಾದ ಜಾಗ ಅದರ ಪಕ್ಕದಲ್ಲಿರುತ್ತದೆ. “ಅಲ್ಲಲ್ಲ, ಮೇಲೆ. ಅಷ್ಟು ಮೇಲಲ್ಲ. ನನ್ನ ಕೈ ಮೇಲೆ ಬಿಡ್ತಿದೀಯಲ್ಲಯ್ಯಾ, ನನ್ನ ಕೈ ನಾನು ನೋಡಿದೀನಿ.” ಸರಿಯಾದ ಜಾಗಕ್ಕೆ ಬೆಳಕು ಬಿದ್ದ ಕೂಡಲೇ ಅವರು ತಲೆ ಅಡ್ಡ ತರುತ್ತಾರೆ. ತಪ್ಪು ನನ್ನದಾಗುತ್ತದೆ. ಬಲಗೈ ಸೋತು ಎಡಗೈಗೆ ಬದಲಾಯಿಸಿದರೆ, ಸರಿಯಾಗಿ ಆ ಗಳಿಗೆಯಲ್ಲೇ ಒಂದು ವಾಷರ್ ಉರುಳಿ ಹೋಗುತ್ತದೆ. “ಬೆಳಕಿದ್ದಿದ್ರೆ ಹಿಡೀತಿದ್ದೆ” ಎಂಬ ಮಾತು ಅಷ್ಟು ಹೊತ್ತಿಗೆ ಬಾಯಲ್ಲಿ ಸಿದ್ಧ. ಮಗಳು ಬೆಂಗಳೂರಿನಿಂದ ಹಣೆಗೆ ಕಟ್ಟಿಕೊಳ್ಳುವ ದೀಪವೊಂದನ್ನು ತಂದುಕೊಟ್ಟಿದ್ದಳು. ಅದನ್ನು ಅವರು ಡಬ್ಬಿಯಿಂದಲೂ ತೆಗೆದಿಲ್ಲ. ಹಣೆಯ ದೀಪಕ್ಕೆ ಬೈಯಲು ಬರುವುದಿಲ್ಲ, ಅದು “ಹೂಂ ಭಾವ” ಅನ್ನುವುದೂ ಇಲ್ಲ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಬೋಲ್ಟು ಬಿಚ್ಚಿ, ಕ್ಯಾಲಿಪರನ್ನು ಹಳೇ ಕರೆಂಟ್ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ತೂಗುಬಿಟ್ಟರು. ಬ್ರೇಕ್ ಆಯಿಲ್ ಬರುವ ರಬ್ಬರ್ ಪೈಪಿನ ಮೇಲೆ ಅದರ ಭಾರ ಬೀಳಬಾರದಂತೆ. ಡಿಸ್ಕಿನ ಮುಖ ಕಾಣಿಸಿತು. ಗೀರು ಗೀರಾಗಿ, ಅಂಚಿನಲ್ಲಿ ಏಣು ಎದ್ದು, ಒಂದು ಕಡೆ ನೀಲಿ ತಿರುಗಿ, ನಮ್ಮಜ್ಜಿಯ ಕಾಲದ ದೋಸೆ ಹಂಚಿನಂತಿತ್ತು. ಭಾವ ಒಳಗೆ ಹೋಗಿ ವರ್ನಿಯರ್ ಕ್ಯಾಲಿಪರ್ಸ್ ತಂದರು. ವರ್ಷಾನುಗಟ್ಟಲೆ ಮಕ್ಕಳ ಕೈಲಿ ಗೋಲಿ ಅಳೆಸಿದ ಮನುಷ್ಯ, ಈಗ ಡಿಸ್ಕಿನ ದಪ್ಪವನ್ನು ನಾಲ್ಕು ಕಡೆ ಅಳೆದು, ಮುಖ್ಯ ಮಾಪಕ, ವರ್ನಿಯರ್ ಮಾಪಕ ಎರಡನ್ನೂ ಗಟ್ಟಿಯಾಗಿ ಓದಿದರು. ದಪ್ಪ ಒಂದೊಂದು ಕಡೆ ಒಂದೊಂದು. ನಡುಕಕ್ಕೆ ಕಾರಣ ಅದೇ: ಒತ್ತಿ ಹಿಡಿದ ಪ್ಯಾಡಿನ ನಡುವೆ ದಪ್ಪ ಭಾಗ ಬಂದಾಗ ಹಿಡಿತ ಬಿಗಿ, ತೆಳು ಭಾಗ ಬಂದಾಗ ಸಡಿಲ. ಇದಕ್ಕಿಂತ ಕಡಿಮೆಯಾದರೆ ಎಸೆಯಿರಿ ಎಂದು ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ತುಕ್ಕು ಕೆರೆದು ಅದನ್ನೂ ಓದಿಸಿದರು, ನನ್ನ ಕೈಲಿ, ಟಾರ್ಚ್ ಬಿಟ್ಟು.

ಬೋಲ್ಟು ಬಿಚ್ಚಿದರೂ ಡಿಸ್ಕ್ ಅಲ್ಲಾಡಲಿಲ್ಲ. ಇಪ್ಪತ್ತು ವರ್ಷದ ತುಕ್ಕು ಅದನ್ನು ಚಕ್ರ ಕೂರುವ ಹಬ್ಬಿಗೆ ಕಚ್ಚಿಸಿತ್ತು. ಬೀದಿಯ ಮಕ್ಕಳು ಸೇರಿದರು. ಎದುರು ಮನೆಯ ಅಜ್ಜಿ ಗೇಟಿನ ಹತ್ತಿರ ಬಂದು “ಏಮಿ ಮೇಷ್ಟ್ರೂ, ಇಂಕಾ ಕಾಲೇದಾ?” ಅಂದರು, ಇನ್ನೂ ಆಗಲಿಲ್ಲವಾ ಅಂತ ತೆಲುಗಿನಲ್ಲಿ. ಭಾವ ಉತ್ತರ ಕೊಡಲಿಲ್ಲ, ಪಾಠ ಕೊಟ್ಟರು. 1902ರಲ್ಲಿ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬಾತ ಡಿಸ್ಕ್ ಬ್ರೇಕಿಗೆ ಪೇಟೆಂಟ್ ತೆಗೆದದ್ದು, ಅವನ ತಾಮ್ರದ ಪ್ಯಾಡು ಊರೆಲ್ಲ ಕೇಳುವಂತೆ ಕಿರುಚುತ್ತಿದ್ದದ್ದು, ಅರ್ಧ ಶತಮಾನ ಕಳೆದು 1953ರ ಲೆ ಮಾನ್ಸ್ ರೇಸಿನಲ್ಲಿ ಜಾಗ್ವಾರ್ ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದ ಮೇಲೆ ಲೋಕ ಕಣ್ಣು ಬಿಟ್ಟದ್ದು. ಅಜ್ಜಿ ಎಲ್ಲವನ್ನೂ ಕೇಳಿ, “ಅಯಿತೇ ಇಂಕಾ ಕಾಲೇದು” ಎಂದು ಒಳಗೆ ಹೋದರು.

ಹಳೆಯ ಡಿಸ್ಕಿಗೆ ಸುತ್ತಿಗೆಯಿಂದ ಸುತ್ತಲೂ ಬಡಿದದ್ದಾಯಿತು, ಸೀಮೆಎಣ್ಣೆ ಬಿಟ್ಟದ್ದಾಯಿತು. ಕೊನೆಗೆ ಕೈ ಹಿಡಿದದ್ದು ಡಿಸ್ಕಿನಲ್ಲೇ ಕೊರೆದಿರುವ, ಒಳಗೆ ಥ್ರೆಡ್ ಇರುವ ಎರಡು ತೂತು. ಅವುಗಳಿಗೆ ಎಂಟು ಮಿಲಿಮೀಟರಿನ ಎರಡು ಬೋಲ್ಟು ಹಾಕಿ, ಒಂದಾದ ಮೇಲೊಂದು ಸಮನಾಗಿ ಬಿಗಿಸುತ್ತ ಬಂದರೆ ಬೋಲ್ಟಿನ ತುದಿ ಹಬ್ಬನ್ನು ಒತ್ತಿ ಡಿಸ್ಕನ್ನು ಹೊರದೂಡುತ್ತದೆ. ಟಪ್ಪೆಂದು ಬಿಟ್ಟುಕೊಂಡಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಭಾವನ ಮುಖದಲ್ಲಿ ಆಗ ಕಂಡ ಕಳೆ ಅವರ ಸನ್ಮಾನದ ಫೋಟೋದಲ್ಲೂ ಇಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಹಬ್ಬಿನ ತುಕ್ಕನ್ನು ತಂತಿ ಬ್ರಶ್ಶಿನಿಂದ ಬೆಳ್ಳಗಾಗುವವರೆಗೆ ಉಜ್ಜಿದರು. ಚೂರು ಉಳಿದರೂ ಹೊಸ ಡಿಸ್ಕ್ ಓರೆಯಾಗಿ ಕೂತು ನಡುಕ ಮತ್ತೆ ಹಾಜರು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಬಳಿದಿದ್ದ ಎಣ್ಣೆಯನ್ನು ಅಕ್ಕನ ಹೊಸ ಟವೆಲಿನಿಂದ ಒರೆಸಿದರು. ಪಿಸ್ಟನ್ ಹಿಂದಕ್ಕೆ ಒತ್ತುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಚೆಲ್ಲಿದರೆ ಬಣ್ಣ ತಿನ್ನುತ್ತದೆ ಎಂದು ಅಲ್ಲಿಗೂ ಟವೆಲೇ ಹೋಯಿತು. ಒಂದು ಕಡೆ ಮಾತ್ರ ಬದಲಿಸಿದರೆ ಬ್ರೇಕ್ ಹಾಕಿದಾಗ ಕಾರು ಪಕ್ಕಕ್ಕೆ ಎಳೆಯುತ್ತದೆಂದು ಎಡಗಡೆಯೂ ಇದೇ ಕಥೆ. ಊಟ ನಾಲ್ಕಕ್ಕೆ. ಸಂಜೆ ಹೊತ್ತಿಗೆ ನಿಜವಾಗಿಯೂ ಕತ್ತಲಾಯಿತು. ಆಗ ಟಾರ್ಚಿನ ಸೆಲ್ಲು ಮುಗಿಯಿತು.

ಮರುದಿನ ಹೊಸ ಡಿಸ್ಕಿಗೂ ಪ್ಯಾಡಿಗೂ ಪರಿಚಯ ಮಾಡಿಸಬೇಕೆಂದು ನಮ್ಮನ್ನೆಲ್ಲ ಹತ್ತಿಸಿಕೊಂಡು ಶ್ರೀನಿವಾಸಪುರಕ್ಕೆ ಹೊರಟರು. ಕೀಲಿ ತಿರುಗಿಸುವ ಮೊದಲು ಪೆಡಲ್ಲನ್ನು ಗಟ್ಟಿಯಾಗುವ ತನಕ ಒತ್ತಿದರು. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಒತ್ತು ನೆಲಕ್ಕೇ ಇಳಿಯುತ್ತದೆ, ಅದನ್ನು ರಸ್ತೆಯಲ್ಲಿ ಕಂಡುಕೊಳ್ಳಬಾರದು. ಜೂನ್ ತಿಂಗಳು, ಮಾವಿನ ಕಾಲ. ಹೋಗುವಾಗ ಐವತ್ತಕ್ಕೆ ಏರಿಸುವುದು, ಹತ್ತಕ್ಕೆ ಇಳಿಸುವುದು, ಮತ್ತೆ ಏರಿಸುವುದು. ಹಿಂದೆ ಬರುತ್ತಿದ್ದ ಟೊಮೆಟೊ ಲಾರಿಯವನು ನಮ್ಮ ವಂಶವನ್ನೇ ಸ್ಮರಿಸಿ ದಾಟಿಕೊಂಡು ಹೋದ. ಬರುವಾಗ ನನ್ನ ತೊಡೆಯ ಮೇಲೆ ಬಾದಾಮಿಯ ಬುಟ್ಟಿ, ಕಾಲಡಿ ತೋತಾಪುರಿಯ ಚೀಲ. ಪ್ರತಿ ಬ್ರೇಕಿಗೂ ಬಾದಾಮಿ ಮುಂದಿನ ಸೀಟಿಗೆ, ಅಕ್ಕನ ಮಡಿಲಿಗೆ. ಅಕ್ಕ ಒಂದೊಂದನ್ನೇ ಹಿಂದಕ್ಕೆ ಕೊಡುತ್ತಿದ್ದಳು, ಮಾತಾಡದೆ. “ನಡುಕ ಇದೆಯಾ?” ಅಂತ ಭಾವ ಕೇಳಿದರು. ಕಾರಿಗೆ ಇರಲಿಲ್ಲ.

ಇವರು ದುಡ್ಡು ಉಳಿಸಲು ಹೀಗೆ ಮಾಡುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ. ಕೂಲಿ ಉಳಿದದ್ದು ನಿಜ; ಅದರ ಎರಡರಷ್ಟು ಸ್ಟ್ಯಾಂಡಿಗೂ ಸಾಕೆಟ್ ಸೆಟ್ಟಿಗೂ ಹೋಗಿದ್ದು ಇನ್ನೂ ನಿಜ. ಈಗಿನ ಸರ್ವೀಸ್ ಸೆಂಟರುಗಳಲ್ಲಿ ಗಾಜಿನ ಈಚೆ ಕೂರಿಸಿ ಕಾಫಿ ಕೊಡುತ್ತಾರೆ, ಗಾಜಿನ ಆಚೆ ಏನು ಮಾಡಿದರೆಂದು ಕಾಗದದಲ್ಲಿ ಓದಿಕೊಳ್ಳಬೇಕು. ಭಾವನಿಗೆ ಆ ಗಾಜು ಆಗುವುದಿಲ್ಲ. ಮಗಳು ಹೊಸ ಕಾರು ಕೊಡಿಸುತ್ತೇನೆ ಎಂದರೆ, “ಅದರ ಬಾನೆಟ್ ತೆಗೆದ್ರೆ ಪ್ಲಾಸ್ಟಿಕ್ ಮುಚ್ಚಳ ಇರುತ್ತೆ, ಏನು ತೋರಿಸಲಿ?” ಅನ್ನುತ್ತಾರೆ. ಯಾರಿಗೆ ತೋರಿಸುವುದೆಂದು ಅವಳು ಕೇಳಲಿಲ್ಲ. ಅವರ ಕ್ಲಾಸಿನಲ್ಲಿ ಒಂದು ಕಾಲಕ್ಕೆ ಬೆಂಚಿಗೆ ಐದು ಜನ ಕೂರುತ್ತಿದ್ದರು. ಈಗ ಹಾಜರಿ ಪುಸ್ತಕದಲ್ಲಿ ಉಳಿದಿರುವವನು ನಾನೊಬ್ಬ, ಅದೂ ಭಾನುವಾರದ ಮಟ್ಟಿಗೆ.

ಹಳೆಯ ಡಿಸ್ಕುಗಳು ಸಂಪಿನ ತಗಡು ಮುಚ್ಚಳ ಗಾಳಿಗೆ ಹಾರದಂತೆ ಕೂತಿವೆ. ಅಕ್ಕನಿಗೆ ಹೊಸ ಟವೆಲ್ ಇನ್ನೂ ಬಂದಿಲ್ಲ. ಬ್ರೇಕು ಮಾತ್ರ ಫಸ್ಟ್ ಕ್ಲಾಸ್. ಮುಂದಿನ ಸಲ ಕ್ಲಚ್ ಪ್ಲೇಟ್ ಬಿಚ್ಚುತ್ತಾರಂತೆ, ಅದಕ್ಕೆ ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕಂತೆ, ಮುಕ್ಕಾಲು ಗಂಟೆ ಕೆಲಸವಂತೆ. ಓದುಗರಲ್ಲಿ ಯಾರಾದರೂ ಆ ಭಾನುವಾರ ಕೋಲಾರದ ಕಡೆ ಬರುವವರಿದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಊಟ, ಮಾವಿನಹಣ್ಣು ಅಕ್ಕನ ಕಡೆಯಿಂದ. ಟಾರ್ಚಿನ ಸೆಲ್ಲು ನನ್ನ ಕಡೆಯಿಂದ.