ಗಾನಾಭಾವ ವಿಚಾರ: ನಿಸ್ತಂತು ಪ್ಲೇಯರಿನ ಮೌನವನ್ನು ಕುರಿತ ಶಾಸ್ತ್ರೀಯ ವಿವೇಚನೆ

ಶಾಸ್ತ್ರಗ್ರಂಥವು ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ಅನುಬಂಧ ಚತುಷ್ಟಯವನ್ನು ಮೊದಲಲ್ಲೇ ನಿರೂಪಿಸಬೇಕೆಂಬುದು ಪ್ರಾಚೀನರ ಕಟ್ಟಳೆ. ಪ್ರಕೃತ ಗ್ರಂಥಕ್ಕೆ ವಿಷಯವೆಂದರೆ ಮನೆಯ ಒಂದು ಕೋಣೆಯ ಕಂಪ್ಯೂಟರಿನಲ್ಲಿ ಹಾಡುಗಳಿದ್ದೂ ಇನ್ನೊಂದು ಕೋಣೆಯ ನಿಸ್ತಂತು ಪ್ಲೇಯರಿನಲ್ಲಿ ಅವು ಕೇಳಿಸದಿರುವ ಸ್ಥಿತಿ. ಪ್ರಯೋಜನವೆಂದರೆ ಅವು ಕೇಳಿಸುವುದು. ಅಧಿಕಾರಿಯೆಂದರೆ ವೈಫೈ ಪಾಸ್‌ವರ್ಡ್ ಬಲ್ಲವನು, ಅಂಥವನು ದೊರೆಯದಿದ್ದರೆ ಅದನ್ನು ಬರೆದಿಟ್ಟ ಚೀಟಿ ಯಾವ ಡ್ರಾಯರಿನಲ್ಲಿದೆಯೆಂದು ಬಲ್ಲವನು. ನಾಲ್ಕನೆಯದಾದ ಸಂಬಂಧವು ಕಡಿದುಹೋಗಿರುವುದೇ ಗ್ರಂಥರಚನೆಗೆ ನಿಮಿತ್ತವಾದ್ದರಿಂದ ಅದನ್ನು ಆರಂಭದಲ್ಲಿ ಹೇಳಲು ಬರುವುದಿಲ್ಲ.

ವಿಚಾರಕ್ಕೆ ಆಯ್ದುಕೊಂಡಿರುವ ಯಂತ್ರ ಸ್ಕ್ವೀಜ್‌ಬಾಕ್ಸ್. ಕ್ಯಾಲಿಫೋರ್ನಿಯಾದ ಸ್ಲಿಮ್ ಡಿವೈಸಸ್ ಕಂಪನಿಯು 2001ರಲ್ಲಿ ಹೊರತಂದ ಸ್ಲಿಮ್‌ಪಿ3 ಎಂಬ ಇದರ ಪೂರ್ವಜನಿಗೆ ಕೇಬಲ್ ಬೇಕಾಗಿತ್ತು. 2003ರ ಸ್ಕ್ವೀಜ್‌ಬಾಕ್ಸ್ ಕೇಬಲ್ಲಿನ ಸಂಗವಿಲ್ಲದೆಯೂ ಇರಬಲ್ಲೆನೆಂದು ಸಾರಿತು, ಅಲ್ಲಿಂದಲೇ ಈ ಶಾಸ್ತ್ರಕ್ಕೆ ಅವಕಾಶವೂ ಹುಟ್ಟಿತು. 2006ರಲ್ಲಿ ಲಾಜಿಟೆಕ್ ಈ ಕಂಪನಿಯನ್ನು ಕೊಂಡುಕೊಂಡಿತು, 2012ರಲ್ಲಿ ಪ್ಲೇಯರುಗಳ ಸಾಲನ್ನು ನಿಲ್ಲಿಸಿತು. ಆದರೆ ಮನೆಯ ಕಂಪ್ಯೂಟರಿನಲ್ಲಿ ಕುಳಿತು ಹಾಡುಗಳನ್ನು ಬಡಿಸುವ ಸರ್ವರ್ ತಂತ್ರಾಂಶವು ಮುಕ್ತವಾಗಿದ್ದುದರಿಂದ ಸ್ಲಿಮ್‌ಸರ್ವರ್, ಸ್ಕ್ವೀಜ್‌ಸೆಂಟರ್, ಸ್ಕ್ವೀಜ್‌ಬಾಕ್ಸ್ ಸರ್ವರ್, ಲಾಜಿಟೆಕ್ ಮೀಡಿಯಾ ಸರ್ವರ್ ಎಂಬ ಜನ್ಮಗಳನ್ನು ಕಳೆದು, 2024ರಿಂದ ಲಿರಿಯಾನ್ ಮ್ಯೂಸಿಕ್ ಸರ್ವರ್ ಎಂಬ ಹೆಸರಿನಲ್ಲಿ ಬದುಕಿದೆ. ದೇಹ ಬಿದ್ದ ಮೇಲೂ ಆತ್ಮವು ನಾಮರೂಪಗಳನ್ನು ಬದಲಿಸುತ್ತ ಸಂಚರಿಸುತ್ತದೆಂಬ ವಾದಕ್ಕೆ ತಂತ್ರಾಂಶಲೋಕದಲ್ಲಿ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಸಿಗುವುದು ಕಷ್ಟ.

ಗಾನವು ಹುಟ್ಟುವ ಕ್ರಮ ಹೀಗಿದೆ. ಪ್ಲೇಯರು ಎಚ್ಚೆತ್ತು ವೈಫೈ ಸೇರುತ್ತದೆ. ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಮೂಲಕ ರೌಟರಿನಿಂದ 192.168 ಎಂದು ಮೊದಲಾಗುವಂಥ ಒಂದು ವಿಳಾಸವನ್ನು ಪಡೆಯುತ್ತದೆ. ಆಮೇಲೆ 3483 ಎಂಬ ಪೋರ್ಟಿನಲ್ಲಿ, ಅಂದರೆ ಒಂದೇ ವಿಳಾಸದೊಳಗಿನ ಒಂದು ಸಂಖ್ಯಾಂಕಿತ ಬಾಗಿಲಿನಲ್ಲಿ, ಸರ್ವರ್ ಯಾರೆಂದು ಮನೆಯೆಲ್ಲ ಕೇಳುವಂತೆ ಕೂಗುತ್ತದೆ. ಉತ್ತರ ಬಂದರೆ ಅದೇ ಬಾಗಿಲಿನಲ್ಲಿ ಅಪ್ಪಣೆಗಳೂ 9000ದ ಬಾಗಿಲಿನಲ್ಲಿ ಹಾಡೂ ಹರಿಯುತ್ತವೆ. ವಿಳಾಸವೇ ಸಿಗದ ಯಂತ್ರವು 169.254 ಎಂದು ಮೊದಲಾಗುವ ವಿಳಾಸವೊಂದನ್ನು ತನಗೆ ತಾನೇ ಕೊಟ್ಟುಕೊಳ್ಳುವುದುಂಟು. ಇಂಥ ಸ್ವಯಂಘೋಷಿತ ಪೀಠಾಧಿಪತಿಗಳು ಕಂಡುಬಂದಲ್ಲಿ ಸರ್ವರನ್ನು ದೂರದೆ ರೌಟರಿನ ಕಡೆಗೆ ತಿರುಗಬೇಕೆಂಬುದು ವಿಧಿ.

ವೈಶೇಷಿಕರು ಇಲ್ಲದಿರುವಿಕೆಯನ್ನೂ ಒಂದು ಪದಾರ್ಥವೆಂದು ಒಪ್ಪಿ ಅದನ್ನು ನಾಲ್ಕಾಗಿ ವಿಂಗಡಿಸಿರುವುದು ಈ ಯಂತ್ರದ ಒಡೆಯರಿಗೆ ಮಹೋಪಕಾರವಾಗಿದೆ. ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ. ಹೊಸ ಪ್ಲೇಯರಿಗೆ ರಿಮೋಟಿನಿಂದ ಒಂದೊಂದೇ ಅಕ್ಷರ ಒತ್ತಿ ಪಾಸ್‌ವರ್ಡ್ ತುಂಬುವಾಗ ದೊಡ್ಡಕ್ಷರದ ಜಾಗದಲ್ಲಿ ಸಣ್ಣಕ್ಷರ ಬೀಳುವುದು ಇದರ ಮುಖ್ಯ ಲಕ್ಷಣ. ಇದ್ದದ್ದು ನಾಶವಾದ ಮೇಲಿನದು ಪ್ರಧ್ವಂಸಾಭಾವ. ನಿನ್ನೆ ಹಾಡಿದ್ದು ಇಂದು ಹಾಡದಿದ್ದರೆ ಕಂಪ್ಯೂಟರು ವಿದ್ಯುತ್ ಉಳಿಸಲು ನಿದ್ರೆಗೆ ಜಾರಿರಬಹುದು, ಅಥವಾ ರೌಟರು ಸರ್ವರಿಗೆ ಹೊಸ ವಿಳಾಸ ಕೊಟ್ಟಿದ್ದು ಪ್ಲೇಯರು ಹಳೆಯ ಮನೆಯ ಬಾಗಿಲನ್ನೇ ಬಡಿಯುತ್ತಿರಬಹುದು. ಘಟವು ಪಟವಲ್ಲವೆಂಬ ಬಗೆಯ ಪರಸ್ಪರ ಭೇದ ಅನ್ಯೋನ್ಯಾಭಾವ. ಪ್ಲೇಯರು ಅತಿಥಿಗಳಿಗೆಂದು ಬೇರೆ ಮಾಡಿಟ್ಟ ವೈಫೈಯಲ್ಲಿದ್ದು ಸರ್ವರು ಮುಖ್ಯ ಜಾಲದಲ್ಲಿದ್ದರೆ ಎರಡೂ ಸುಸ್ಥಿತಿಯಲ್ಲಿದ್ದರೂ ಒಂದರ ಕೂಗು ಇನ್ನೊಂದಕ್ಕೆ ಕೇಳುವುದಿಲ್ಲ. ಮೂರು ಕಾಲಗಳಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. 2003ರ ಮೊದಲ ಸ್ಕ್ವೀಜ್‌ಬಾಕ್ಸಿಗೆ ಡಬ್ಲ್ಯುಇಪಿ ಎಂಬ ಹಳೆಯ ಬೀಗದ ವಿದ್ಯೆ ಮಾತ್ರ ಗೊತ್ತಿದ್ದು, ಆ ಬೀಗವನ್ನೇ ಕೈಬಿಟ್ಟ ಹೊಸ ರೌಟರಿನ ಮುಂದೆ ಅದನ್ನಿಟ್ಟು ಪ್ರಾರ್ಥಿಸುವುದು ಮೊಲದ ಕೊಂಬಿಗೆ ಎಣ್ಣೆ ಹಚ್ಚುವ ಉದ್ಯೋಗ.

ಇನ್ನು ಪ್ರಮಾಣಗಳ ವಿಚಾರ. ಪೂರ್ವಪಕ್ಷಿಯಾದ ಗೃಹಸ್ಥನು, ಸರ್ವರಿರುವ ಕಂಪ್ಯೂಟರಿನ ಮುಂದೆಯೇ ಕುಳಿತು ಬ್ರೌಸರಿನಲ್ಲಿ 9000ದ ಪುಟವನ್ನು ತೆರೆದು, ಹಾಡುಗಳ ಪಟ್ಟಿ ಮೂಡಿತಾದ್ದರಿಂದ ಸರ್ವರು ನಿರ್ದೋಷಿಯೆಂದು ಪ್ರತ್ಯಕ್ಷಪ್ರಮಾಣದಿಂದ ಸಾಧಿಸುತ್ತಾನೆ. ಇದು ಸಾಧುವಲ್ಲ. ಹೊರಗಿನಿಂದ ಬರುವ ಕೋರಿಕೆಗಳನ್ನು ತಡೆಯುವ ಫೈರ್‌ವಾಲ್ ಎಂಬ ಕಾವಲುಗಾರನು ಮನೆಯೊಳಗಿನವರು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಸಾಮಾನ್ಯವಾಗಿ ಅಡ್ಡಬರುವುದಿಲ್ಲ. ಆದಕಾರಣ ಅದೇ ಪುಟವನ್ನು ಇನ್ನೊಂದು ಕಂಪ್ಯೂಟರಿನಿಂದಲೋ ಮೊಬೈಲಿನಿಂದಲೋ ತೆರೆದಾಗ ಮಾತ್ರ ಪ್ರತ್ಯಕ್ಷಕ್ಕೆ ಪ್ರಾಮಾಣ್ಯ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಈ ಕಾವಲುಗಾರನನ್ನು ಯಾರೂ ಕೇಳದೆಯೇ ನೇಮಿಸಿದಂದಿನಿಂದ ಈ ವಾದಕ್ಕೆ ಬಲ ಹೆಚ್ಚಿದೆ. ಇದ್ದೀಯಾ ಎಂದು ಕೇಳುವ ಪಿಂಗ್ ಎಂಬ ಕಿರುಸಂದೇಶಕ್ಕೆ ಇದ್ದೇನೆಂಬ ಉತ್ತರ ಬಂದರೂ, ಇರುವವರೆಲ್ಲ ಹಾಡುತ್ತಾರೆಂಬ ವ್ಯಾಪ್ತಿಯು ಮನುಷ್ಯರಲ್ಲೇ ಸಿದ್ಧಿಸದಿರುವಾಗ ಯಂತ್ರದಲ್ಲಿ ಹೇಗೆ ಸಿದ್ಧಿಸೀತು?

ಅನುಮಾನಪ್ರಮಾಣಕ್ಕೆ ಇಲ್ಲಿ ದೊಡ್ಡ ಶತ್ರು ಕಾಕತಾಳೀಯ. ಪ್ಲೇಯರು ಹಾಡಿನ ಮುಂದಿನ ಭಾಗವನ್ನು ಬಫರ್ ಎಂಬ ಉಗ್ರಾಣದಲ್ಲಿ ಮೊದಲೇ ಕೂಡಿಟ್ಟುಕೊಂಡಿರುವುದರಿಂದ ಸಂಪರ್ಕ ತಪ್ಪಿದ ಎಷ್ಟೋ ಹೊತ್ತಿನ ಮೇಲೆ ಹಾಡು ನಿಲ್ಲುತ್ತದೆ. ಸುಮಾರು 2450 ಮೆಗಾಹರ್ಟ್ಸ್ ಆವರ್ತನದಲ್ಲಿ ಸಾರು ಬಿಸಿಮಾಡುವ ಮೈಕ್ರೊವೇವ್ ಒಲೆಯು ಅದೇ ಆಸುಪಾಸಿನಲ್ಲಿ ಸಂಚರಿಸುವ ವೈಫೈಯನ್ನು ಕೆಡಿಸಿ, ಟಿಂಗೆಂದು ಬಾರಿಸಿ, ಸಭ್ಯಸ್ಥನಂತೆ ಸುಮ್ಮನಾಗುತ್ತದೆ. ಆಮೇಲೆ ಯಾರೋ ಫ್ಯಾನಿನ ಸ್ವಿಚ್ ಒತ್ತುತ್ತಾರೆ, ಆ ಕ್ಷಣಕ್ಕೆ ಉಗ್ರಾಣ ಬರಿದಾಗುತ್ತದೆ, ಅಪರಾಧವು ಫ್ಯಾನಿನ ತಲೆಗೆ ಬರುತ್ತದೆ. ಪಕ್ಕದ ಮನೆಗಳ ರೌಟರುಗಳೂ ಇದೇ ಆವರ್ತನಪಟ್ಟಿಯಲ್ಲಿ ಕಿಕ್ಕಿರಿದಿರುವುದರಿಂದ, ಒಂದರ ಮೇಲೊಂದು ಬೀಳದ 1, 6, 11ನೆಯ ಚಾನೆಲುಗಳಲ್ಲಿ ಖಾಲಿಯಿರುವುದನ್ನು ಹಿಡಿಯಬೇಕೆಂಬುದು ಬಲ್ಲವರ ಮತ.

ದೋಷವನ್ನು ನಿಶ್ಚಯಿಸುವ ನಿಜವಾದ ಉಪಾಯ ಅನ್ವಯ ವ್ಯತಿರೇಕ. ಅದು ಇದ್ದರೆ ಇದು ಇರುತ್ತದೆ, ಅದು ಇಲ್ಲದಿದ್ದರೆ ಇದು ಇರುವುದಿಲ್ಲ ಎಂದು ಒಂದೊಂದನ್ನೇ ಬದಲಿಸಿ ನೋಡುವ ಕ್ರಮಕ್ಕೆ ಈ ಹೆಸರು. ಪ್ಲೇಯರಿನ ಬೆನ್ನಿಗೆ ತಾತ್ಕಾಲಿಕವಾಗಿ ಕೇಬಲ್ ಸಿಕ್ಕಿಸಿದಾಗ ಹಾಡಿದರೆ ದೋಷವು ಗಾಳಿಯಲ್ಲಿದೆ, ಆಗಲೂ ಹಾಡದಿದ್ದರೆ ಸರ್ವರಿನಲ್ಲಿಯೋ ಕಾವಲುಗಾರನಲ್ಲಿಯೋ ವಿಳಾಸದಲ್ಲಿಯೋ ಹುಡುಕಬೇಕು. ಫೈರ್‌ವಾಲನ್ನು ಕ್ಷಣಕಾಲ ತೆಗೆದು ನೋಡಿ, ಕಾರಣ ಅದೇ ಎಂದಾದರೆ ಮತ್ತೆ ಹಾಕಿ, 3483 ಮತ್ತು 9000ದ ಬಾಗಿಲುಗಳಿಗೆ ಮಾತ್ರ ಅನುಮತಿ ಕೊಡಬೇಕು. ಸರ್ವರಿಗೆ ರೌಟರಿನಲ್ಲಿ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಪ್ರಧ್ವಂಸಾಭಾವದ ಅರ್ಧಪಾಲು ನಿವಾರಣೆಯಾಗುತ್ತದೆ.

ಆದರೆ ಲೋಕಾಚಾರವು ಬೇರೆ. ಗೃಹಸ್ಥನು ರೌಟರು, ಕಂಪ್ಯೂಟರು, ಪ್ಲೇಯರು ಮೂರನ್ನೂ ಒಟ್ಟಿಗೆ ಆರಿಸಿ, ಒಟ್ಟಿಗೆ ಹೊತ್ತಿಸಿ, ಜೊತೆಯಲ್ಲಿ ಪಾಸ್‌ವರ್ಡನ್ನೂ ಬದಲಿಸಿ, ಹಾಡು ಬಂದೊಡನೆ ವಿಚಾರವನ್ನು ಕೈಬಿಡುತ್ತಾನೆ. ನಾಲ್ಕು ಚಿಕಿತ್ಸೆಗಳಲ್ಲಿ ಯಾವುದು ಫಲಿಸಿತೆಂದು ಅವನಿಗೆ ತಿಳಿಯುವುದಿಲ್ಲ, ತಿಳಿಯಬೇಕಾದರೆ ಹಾಡುತ್ತಿರುವುದನ್ನು ಮತ್ತೆ ಕೆಡಿಸಬೇಕಾದ್ದರಿಂದ ತಿಳಿಯುವ ಇಚ್ಛೆಯೂ ಉಳಿದಿರುವುದಿಲ್ಲ. ಕಾರ್ಯವು ಸಿದ್ಧಿಸಿದ ಕ್ಷಣದಲ್ಲೇ ಕಾರಣಜಿಜ್ಞಾಸೆಯು ನಾಶವಾಗುವ ಏಕೈಕ ಶಾಸ್ತ್ರ ಇದಾಗಿದ್ದು, ಮುಂದಿನ ಮೌನದ ದಿನ ಮೊದಲಿನಿಂದಲೇ ಹೊರಡಬೇಕಾಗುವುದರಿಂದ ಇದು ಅನಾದಿಯೂ ಅನಂತವೂ ಆಗಿದೆಯೆಂಬುದು ಸಿದ್ಧಾಂತ.