ಜನಮತೋತ್ಪಾದನಾ ಶಾಸ್ತ್ರ: ಪೂರ್ವಪೀಠಿಕೆ

ಜನಾಭಿಪ್ರಾಯವು ಜನರಲ್ಲಿ ನೆಲೆಸಿದೆ, ಸಮೀಕ್ಷಕನು ಅದನ್ನು ಕೇಳಿ ಬರೆದುಕೊಂಡು ಬರುತ್ತಾನೆ ಎಂಬ ಪಾಮರರ ನಂಬಿಕೆಯನ್ನು ಈ ಶಾಸ್ತ್ರವು ಆರಂಭದಲ್ಲಿಯೇ ಖಂಡಿಸುತ್ತದೆ. ಅಭಿಪ್ರಾಯವು ನೆಲೆಸಿರುವುದು ಪ್ರಶ್ನೆಯ ಕ್ರಿಯಾಪದದಲ್ಲಿ. ಉತ್ತರದಾತ, ಅಂದರೆ ಪ್ರಶ್ನೆಗೆ ಗುರಿಯಾದ ಪ್ರಜೆ, ಅದು ಹಾದುಹೋಗುವ ದ್ವಾರ ಮಾತ್ರ.

ಇದಕ್ಕೆ ಪ್ರಮಾಣ, ಅಮೆರಿಕದ ಡೊನಾಲ್ಡ್ ರಗ್ 1941ರಲ್ಲಿ ಪ್ರಕಟಿಸಿದ ಪ್ರಯೋಗ. ಪ್ರಜಾಪ್ರಭುತ್ವದ ವಿರುದ್ಧ ಸಾರ್ವಜನಿಕ ಭಾಷಣ ಮಾಡಲು ಅನುಮತಿ ಕೊಡಬೇಕೇ ಎಂದಾಗ ಶೇ 62ರಷ್ಟು ಮಂದಿ ಕೊಡಬಾರದೆಂದರು. ಅಂಥ ಭಾಷಣವನ್ನು ನಿಷೇಧಿಸಬೇಕೇ ಎಂದು ಅಂಥದೇ ಇನ್ನೊಂದು ಗುಂಪನ್ನು ಕೇಳಿದಾಗ ಶೇ 46ರಷ್ಟು ಮಂದಿ ಹೌದೆಂದರು, ಶೇ 39ರಷ್ಟು ಮಂದಿ ಬೇಡವೆಂದರು. ಅನುಮತಿ ಕೊಡದಿರುವುದಕ್ಕೂ ನಿಷೇಧಿಸುವುದಕ್ಕೂ ಏನು ವ್ಯತ್ಯಾಸವೆಂದು ತಾರ್ಕಿಕರು ಆಕ್ಷೇಪಿಸಬಹುದು. ತಾರ್ಕಿಕರನ್ನು ಯಾವ ಸಮೀಕ್ಷೆಯೂ ವಿಚಾರಿಸುವುದಿಲ್ಲವಾದ್ದರಿಂದ ಆ ಆಕ್ಷೇಪವನ್ನು ಇಲ್ಲಿ ಕೈಬಿಡಲಾಗಿದೆ. ಪತ್ರಿಕಾಧರ್ಮದ ದೃಷ್ಟಿಯಿಂದ ಎರಡನೆಯ ಫಲಿತಾಂಶವೇ ಶ್ರೇಷ್ಠ: 46 ಎಂಬುದು 39ಕ್ಕಿಂತ ಹೆಚ್ಚಾದ್ದರಿಂದ ‘ನಿಷೇಧದತ್ತಲೇ ಜನರ ಒಲವು’ ಎಂದೂ, ಅರ್ಧಕ್ಕಿಂತ ಕಡಿಮೆಯಾದ್ದರಿಂದ ‘ನಿಷೇಧಕ್ಕೆ ಸಿಗದ ಬಹುಮತ’ ಎಂದೂ ಎರಡು ತಲೆಬರಹಗಳನ್ನು ಸುಳ್ಳಿನ ಸೋಂಕಿಲ್ಲದೆ ಅಚ್ಚು ಹಾಕಬಹುದು. ಸಂಪಾದಕನು ಚಂದಾದಾರರ ರುಚಿಯರಿತು ಒಂದನ್ನು ಆರಿಸತಕ್ಕದ್ದು.

ಕ್ರಿಯಾಪದ ಸಾಲದಿದ್ದರೆ ಉಪವಾಕ್ಯವಿದೆ. 2003ರ ಜನವರಿಯಲ್ಲಿ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ, ಸದ್ದಾಂ ಹುಸೇನ್ ಆಳ್ವಿಕೆಯನ್ನು ಕೊನೆಗಾಣಿಸಲು ಸೇನಾ ಕಾರ್ಯಾಚರಣೆ ನಡೆಸುವುದಕ್ಕೆ ಶೇ 68ರಷ್ಟು ಅಮೆರಿಕನ್ನರು ಒಪ್ಪಿದ್ದರು. ಸಾವಿರಾರು ಸೈನಿಕರು ಸಾವುನೋವಿಗೀಡಾದರೂ ಸರಿಯೇ ಎಂಬ ತುಣುಕು ಸೇರಿದೊಡನೆ ಒಪ್ಪಿಗೆ ಶೇ 43ಕ್ಕೆ ಇಳಿಯಿತು. ಯುದ್ಧದಲ್ಲಿ ಜನ ಸಾಯುತ್ತಾರೆಂಬುದು ಪ್ರಶ್ನೆಯಲ್ಲಿ ಬರೆದರೆ ಮಾತ್ರ ಹೊಳೆಯುವ ಗೂಢಜ್ಞಾನವೆಂದು ಶಾಸ್ತ್ರವು ಇದರಿಂದ ನಿರ್ಣಯಿಸುತ್ತದೆ.

ಪರಾಕಾಷ್ಠೆಯನ್ನು ಮುಟ್ಟಿದವರು ಜಾರ್ಜ್ ಬಿಷಪ್ ಮತ್ತು ಸಂಗಡಿಗರು. 1980ರಲ್ಲಿ ಪ್ರಕಟವಾದ ಇವರ ಸಿನ್ಸಿನಾಟಿ ಅಧ್ಯಯನದಲ್ಲಿ ‘1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ’ಯ ರದ್ದತಿಯ ಬಗ್ಗೆ ಕೇಳಲಾಗಿ, ಸುಮಾರು ಮೂರರಲ್ಲೊಂದು ಪಾಲು ಜನ ಅಭಿಪ್ರಾಯ ಕೊಟ್ಟರು. ಅಂಥ ಕಾಯ್ದೆಯೇ ಇರಲಿಲ್ಲ. ಅಭಿಪ್ರಾಯಕ್ಕೆ ವಿಷಯವೂ ಬೇಕಿಲ್ಲವೆಂದು ಹೀಗೆ ಸಿದ್ಧವಾಯಿತು. ಉತ್ತರದಾತನೂ ಬೇಕಿಲ್ಲವೆಂಬ ಮುಂದಿನ ಪ್ರಮೇಯವನ್ನು ಟಿ.ವಿ. ವಾಹಿನಿಗಳು ‘ದೇಶ ಕೇಳುತ್ತಿದೆ’ ಎಂಬ ಸೂತ್ರದ ಮೂಲಕ ಪ್ರತಿ ರಾತ್ರಿ ಸಾಧಿಸಿ ತೋರಿಸುತ್ತಿವೆ.

ಉಳಿಯುವ ಉಪದ್ರವವೆಂದರೆ ‘ಗೊತ್ತಿಲ್ಲ’ ಎನ್ನುವವರದು. ‘ಈ ಬಗ್ಗೆ ನಿಮಗೊಂದು ಅಭಿಪ್ರಾಯವಿದೆಯೇ?’ ಎಂಬ ಸೋಸುಪ್ರಶ್ನೆಯನ್ನು, ಅಂದರೆ ಅಭಿಪ್ರಾಯವಿಲ್ಲದವರನ್ನು ಮೊದಲೇ ಬೇರ್ಪಡಿಸುವ ಪ್ರಶ್ನೆಯನ್ನು ಮುಂದಿಟ್ಟಾಗ, ಆ ಇಲ್ಲದ ಕಾಯ್ದೆಯ ಪರ-ವಿರೋಧಿಗಳು ಬಹುಮಟ್ಟಿಗೆ ಕರಗಿಹೋದರು. ಆದಕಾರಣ ಸೋಸುಪ್ರಶ್ನೆಯನ್ನು ಕೇಳಕೂಡದು. ಕೇಳಲೇಬೇಕಾಗಿ ಬಂದಲ್ಲಿ ಅದರ ಉತ್ತರವನ್ನು ಕೋಷ್ಟಕದ ಕೆಳಗೆ, ಓದುಗನ ಕನ್ನಡಕಕ್ಕೆ ನಿಲುಕದ ಅಕ್ಷರಗಳಲ್ಲಿ ಮುದ್ರಿಸತಕ್ಕದ್ದು.